ಹಳ್ಳಕ್ಕೆ ಪಂಚಾಯ್ತಿ ಗಡಿ ಗೊತ್ತಿಲ್ಲ

ನಮ್ಮ ಬಯಲುಸೀಮೆಯಲ್ಲಿ ಗುಡ್ಡ ಅರಣ್ಯ ಇಲಾಖೆಯದು, ಗೋಮಾಳ ಕಂದಾಯದವರದು. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯ್ತಿದು, ಹೆಚ್ಚಿದ್ದರೆ ಸಣ್ಣ ನೀರಾವರಿಯವರದು. ಗುಂಡುತೋಪು ಊರಿನದು. ಹಳ್ಳ ಮಾತ್ರ ಕೇಳೋರಿಲ್ಲದ ಆಸ್ತಿ. ಹೀಗೆ ಪಾಲು ಮಾಡಿ ನೋಡೋದು ನಮಗೂ ರೂಢಿಯಾಗಿಬಿಟ್ಟಿದೆ. ಮಳೆ ನೀರಿಗೆ, ಕುರಿಗೆ, ಹಕ್ಕಿಗೆ, ಜೇನಿಗೆ ಈ ಪಾಲು ಗೊತ್ತಿಲ್ಲ. ಅವಕ್ಕೆ ಇದೆಲ್ಲಾ ಒಂದೇ ಜಾಲ.

ಈ ಜಾಲ ಒಂದು ಊರಿಗೆ ಮುಗಿಯೋದಿಲ್ಲ. ಗುಡ್ಡ ಒಂದು ಪಂಚಾಯ್ತಿಲಿ, ಗೋಮಾಳ ಇನ್ನೊಂದರಲ್ಲಿ, ಕೆರೆ ಮತ್ತೊಂದರಲ್ಲಿ ಇರ್ತದೆ. ನಡುವೆ ಎಲ್ಲೋ ಒಂದು ಕಡೆ ಕಿತ್ತರೆ ಉಳಿದದ್ದು ಇದ್ದೂ ಇಲ್ಲದ ಹಾಗೆ. ಆದ್ದರಿಂದ ಒಂದು ಪಂಚಾಯ್ತಿ ತನ್ನ ಗಡಿಯೊಳಗೆ ಎಷ್ಟೇ ಗಿಡ ನೆಟ್ಟರೂ, ಎಷ್ಟೇ ಹೂಳು ತೆಗೆದರೂ, ಪಕ್ಕದವರ ಜೊತೆ ಕೂತು ಮಾತಾಡದೇ ಇದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇದನ್ನ ಹೇಗೆ ಮಾಡಬಹುದು ಅಂತ ನನಗೆ ತಿಳಿದಷ್ಟು ಬರೆದಿದ್ದೀನಿ.

ಒಂದಕ್ಕೊಂದು ಗಂಟು

ಮೊದಲು ನೀರಿನ ಲೆಕ್ಕ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ನೂರು ಎಕರೆ ಗುಡ್ಡ-ಗೋಮಾಳದ ಮೇಲೆ ಒಂದು ಹದ ಮಳೆ ಬಿದ್ದರೆ ಕೋಟಿ ಲೀಟರ್ ಆಯ್ತು. ನೆಲದ ಮೇಲೆ ಹುಲ್ಲು, ಲಕ್ಕಿ, ಕಾರೆ, ತಂಗಡಿ ಇದ್ದರೆ ಆ ನೀರು ನಿಧಾನಕ್ಕೆ ಇಳಿಯುತ್ತದೆ. ಒಂದಷ್ಟು ಭೂಮಿಗೆ, ಉಳಿದದ್ದು ತಿಳಿಯಾಗಿ ಹಳ್ಳಕ್ಕೆ. ನೆಲ ಬೋಳಾಗಿದ್ದರೆ ಅಷ್ಟೂ ನೀರು ಒಂದೇ ಸಲ ನುಗ್ಗಿ, ಮಣ್ಣು ಕಿತ್ತುಕೊಂಡು ಬಂದು ಕೆರೆಗೆ ಹೂಳಾಗಿ ಕೂರುತ್ತದೆ. ಕೆರೆ ಹೂಳು ತೆಗೆಸೋಕೆ ಲಕ್ಷಗಟ್ಟಲೆ ಖರ್ಚು ಮಾಡ್ತೀವಿ. ಹೂಳು ಹೊರಡೋ ಜಾಗ ಪಕ್ಕದ ಪಂಚಾಯ್ತಿಲಿ ಹಾಗೇ ಇರ್ತದೆ.

ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಮ್ಮ ಹಿರಿಯರು ಕಟ್ಟಿದ್ದೆಲ್ಲಾ ಹೀಗೆ ಸಾಲುಕೆರೆಗಳೇ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆ ಇವೆ ಅಂತಾರೆ. ಅದರಲ್ಲಿ ಎಷ್ಟೋ ಕೆರೆಗಳ ಹಣೆಬರಹ ಮೇಲಿನ ಊರಿನ ಹಳ್ಳದಲ್ಲಿದೆ. ದೊಡ್ಡದಾಗಿ ನೋಡಿದರೂ ಇದೇ ಕತೆ. ನಮ್ಮ ವೇದಾವತಿ ಬಾಬಾಬುಡನ್‌ಗಿರಿ ಕಡೆ ಹುಟ್ಟಿ, ಕಡೂರು, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ದಾಟಿ, ಆಂಧ್ರಕ್ಕೆ ಹೋಗಿ, ಮತ್ತೆ ಬಳ್ಳಾರಿ ಸೀಮೆಗೆ ಬಂದು ತುಂಗಭದ್ರೆ ಸೇರುತ್ತಾಳೆ. ಎಷ್ಟು ಗಡಿ ದಾಟಿದಳು ಅಂತ ಆಕೆ ಲೆಕ್ಕ ಇಟ್ಟಿಲ್ಲ.

ಎರಡನೇದು ಗೊಬ್ಬರ. ಮಳೆಗಾಲ ಮುಗಿದು ಪೈರು ಎದ್ದ ಮೇಲೆ ಕುರಿ ಮಂದೆ ಬಂದು ಹೊಲದಲ್ಲಿ ರಾತ್ರಿ ತಂಗಿದರೆ ಅದರಂಥ ಗೊಬ್ಬರ ಇನ್ನೊಂದಿಲ್ಲ. ಕುರಿಯವರು ಬರೋದು ದಾರಿ ಇದ್ದರೆ, ದಾರೀಲಿ ಮೇವು-ನೀರು ಸಿಕ್ಕರೆ. ಒಂದು ಊರಿನ ಗೋಮಾಳದಿಂದ ಇನ್ನೊಂದರ ಕೆರೆ ಅಂಗಳಕ್ಕೆ ಬಂಡಿದಾರಿ ಮುಚ್ಚಿದರೆ ಮಂದೆ ಬೇರೆ ಕಡೆ ತಿರುಗುತ್ತದೆ. ನಾವು ಅಂಗಡಿಗೆ ಹೋಗಿ ಮೂಟೆ ತರಬೇಕಾಗುತ್ತದೆ.

ಮೂರನೇದು ಬೆಳೆ ಕಾಯೋ ಜೀವಗಳು. ಶೇಂಗಾಕ್ಕೆ ಕಂಬಳಿ ಹುಳು ಬಿದ್ದಾಗ ಕಾಜಾಣ, ಮೈನಾ, ಬೆಳ್ಳಕ್ಕಿ ಎಷ್ಟು ಕೆಲಸ ಮಾಡ್ತವೆ ಅಂತ ಹೊಲದಲ್ಲಿ ನಿಂತು ನೋಡಿದವರಿಗೆ ಗೊತ್ತು. ಇಲಿ ಹಿಡಿಯೋಕೆ ಗೂಬೆ ಬೇಕು. ಸೂರ್ಯಕಾಂತಿ ಕಾಳು ಕಟ್ಟೋಕೆ ಜೇನು ಬೇಕು. ಇವಕ್ಕೆ ಕೂರೋಕೆ, ಗೂಡು ಕಟ್ಟೋಕೆ ಹಳೇ ಹುಣಸೆ, ಬೇವು, ಹೊಂಗೆ, ಕರಿಜಾಲಿ ಬೇಕು. ಮೂರು ಮೈಲಿಗೊಂದು ತೋಪು ಇದ್ದು ನಡುವೆ ಬರೀ ಬಯಲಿದ್ದರೆ ಸಣ್ಣ ಜೀವಗಳು ದಾಟೋದು ಕಷ್ಟ. ಹಳ್ಳದ ಗುಂಟ ಮರ-ಪೊದೆ ಇದ್ದರೆ ಅದೇ ಅವುಗಳ ದಾರಿ.

ಹಿಂದಿನವರ ಲೆಕ್ಕ

ಊರು-ತಾಲ್ಲೂಕು ಗಡಿ ದಾಟಿ ಯೋಜನೆ ಮಾಡೋದು ಹೊಸ ವಿಷಯ ಅಲ್ಲ. ಮೈಸೂರು ಅರಸರ ಕಾಲದಿಂದ ನಡೆದುಬಂದ ಅಮೃತಮಹಲ್ ಕಾವಲುಗಳನ್ನೇ ನೋಡಿ. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲನ್ನ ದನಗಳಿಗೆ ಅಂತ ಬಿಟ್ಟಿದ್ದರು. ಅದರಲ್ಲೂ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ಬಗೆ. ಕೆರೆ ಅಂಗಳ, ನೆರಳು, ನೀರು ಇದ್ದದ್ದು ಬೇಸಿಗೆಗೆ. ಮಳೆ ಬಂದಾಗ ಹುಲ್ಲು ಚಿಗುರಿ ಹಳ್ಳದಲ್ಲಿ ನೀರು ಸಿಗೋದು ಮಳೆಗಾಲಕ್ಕೆ. ದನ ಒಂದರಿಂದ ಇನ್ನೊಂದಕ್ಕೆ ಕಾಲಕ್ಕೆ ತಕ್ಕಂತೆ ಹೋಗೋದು. ಯಾವ ಹುಲ್ಲುಗಾವಲಿಗೂ ವರ್ಷಪೂರ್ತಿ ಹೊರೆ ಇಲ್ಲ.

ಇದರಲ್ಲಿ ನಾವು ಕಲಿಯೋದು ಒಂದೇ ಮಾತು. ಬೇಸಿಗೆ ಕಾವಲನ್ನ ಕಳೆದರೆ ಮಳೆಗಾಲದ ಕಾವಲೂ ಕೆಲಸಕ್ಕೆ ಬಾರದು. ದನ ಬೇಸಿಗೇಲೂ ಅಲ್ಲೇ ಮೇಯಬೇಕಾಗಿ ಬಂದು ನೆಲ ಬೋಳಾಗುತ್ತದೆ.

ಗಂಟು ಬಿಚ್ಚಿದ್ದೆಲ್ಲಿ?

ಗೋಮಾಳಕ್ಕೆ ಒಂದು ನಿಯಮ ಇದೆ. 1966ರ ಭೂಕಂದಾಯ ನಿಯಮದ ಪ್ರಕಾರ ಊರಿನ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಒಳ್ಳೆ ನಿಯಮವೇ. ಲೆಕ್ಕ ಮಾತ್ರ ಊರಿಂದ ಊರಿಗೆ ಬೇರೆ ಬೇರೆ. ಒಂದು ಊರಲ್ಲಿ ದನ ಕಡಿಮೆಯಾದರೆ ಅಲ್ಲಿನ ಗೋಮಾಳ 'ಹೆಚ್ಚುವರಿ' ಆಗುತ್ತದೆ. ಅದನ್ನ ಬೇರೆಯದಕ್ಕೆ ಕೊಡ್ತಾರೆ. ಆ ತುಂಡಿನ ನಡುವೆ ಪಕ್ಕದ ಊರಿನ ಕೆರೆಗೆ ಹೋಗೋ ಹಳ್ಳ ಇದೆಯಾ, ಕುರಿದಾರಿ ಇದೆಯಾ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ನಮೂನೆ 50, 53, 57 ಅಂತ ಬಗರ್ ಹುಕುಂ ಸಕ್ರಮ ಆದಾಗಲೂ ಹಾಗೇ. ಭೂಮಿ ಇಲ್ಲದವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಯಾವ ತುಂಡು ಕೊಟ್ಟರೆ ಜಾಲ ಹರಿಯುತ್ತದೆ, ಯಾವುದು ಕೊಟ್ಟರೆ ಹರಿಯೋದಿಲ್ಲ ಅಂತ ನೋಡಿ ಕೊಟ್ಟಿದ್ದರೆ ಇಬ್ಬರಿಗೂ ಒಳ್ಳೇದಾಗುತ್ತಿತ್ತು.

ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ವಿಷಯ ಎಲ್ಲರಿಗೂ ಗೊತ್ತು. 2007ರಿಂದ 2010ರ ಸುಮಾರಿಗೆ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಡೆಯ ಸಾವಿರಾರು ಎಕರೆ ಹುಲ್ಲುಗಾವಲನ್ನ ರಕ್ಷಣಾ ಸಂಶೋಧನೆಗೆ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಸುತ್ತ ಗೋಡೆ ಎದ್ದಿತು. ಕುರಿ ಸಾಕಿ, ಕಂಬಳಿ ನೇದು ಬದುಕೋ ಊರುಗಳಿಗೆ ದಾರಿ ತಪ್ಪಿತು. ವಿಷಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. ದೇಶಕ್ಕೆ ಸಂಶೋಧನೆ ಬೇಡ ಅಂತ ನಾನು ಹೇಳೋನಲ್ಲ. ಗೋಡೆ ಏಳೋ ತನಕ ಎಷ್ಟೋ ಊರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಅಷ್ಟು ಊರುಗಳು ಮೊದಲೇ ಸೇರಿ ತಮ್ಮ ದಾರಿ, ಹಳ್ಳ, ಮೇವಿನ ಜಾಗ ಒಂದೇ ನಕ್ಷೆಯಲ್ಲಿ ಬರೆದಿಟ್ಟುಕೊಂಡಿದ್ದರೆ ಮಾತಾಡೋಕೆ ಕೈಯಲ್ಲಿ ಏನಾದರೂ ಇರುತ್ತಿತ್ತು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಮೀಸಲು ಇದೆ. 798 ಎಕರೆ. 2007ರಲ್ಲಿ ಮೀಸಲು ಅಂತ ಘೋಷಣೆ ಆಯಿತು. ಒಳ್ಳೆ ಕೆಲಸ. ಆದರೆ ಸುತ್ತ ಹೊಲಗಳೇ. ಜಿಂಕೆಗೆ ಗಡಿ ಎಲ್ಲಿಂದ ಗೊತ್ತಾಗಬೇಕು? ಹಸಿವಾದರೆ ರಾಗಿಗೆ ಬರ್ತವೆ. ಒಂಟಿ ತುಂಡು ಉಳಿಸೋದರ ಕಷ್ಟ ಇದು. ತುಂಡೂ ಬೇಕು, ತುಂಡಿಂದ ತುಂಡಿಗೆ ದಾರಿಯೂ ಬೇಕು.

ನಾಲ್ಕು ಊರಿನವರು ಹಳ್ಳದ ಗುಂಟ ನಡೆದದ್ದು

ನಮ್ಮ ಕೆರೆಗೆ ಬರೋ ಹಳ್ಳ ಒಂಬತ್ತು ಕಿಲೋಮೀಟರ್ ಉದ್ದ ಇದೆ. ಹುಟ್ಟೋದು ಒಂದು ಪಂಚಾಯ್ತಿಯ ಗುಡ್ಡದಲ್ಲಿ, ಹರಿಯೋದು ಇನ್ನೊಂದರ ಗೋಮಾಳದಲ್ಲಿ, ಸೇರೋದು ನಮ್ಮದರಲ್ಲಿ. ಕೋಡಿ ನೀರು ಪಕ್ಕದ ತಾಲ್ಲೂಕಿಗೆ. ಕೆರೆ ಹೂಳು ಎರಡು ಸಲ ತೆಗೆಸಿದರೂ ಸಾಧಾರಣ ಮಳೆಗೆ ನೀರು ಬರೋದಿಲ್ಲ ಅಂದಾಗ ನಾಲ್ಕು ಊರಿನ ಹದಿನೈದು ಜನ ಸೇರಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹಳ್ಳದ ಗುಂಟ ನಡೆದೆವು. ಏಳು ಕಡೆ ಹಳ್ಳ ಕೆಟ್ಟಿತ್ತು. ಮೂರು ಕಡೆ ಎರಡೂ ಪಕ್ಕದವರು ಉತ್ತು ಉತ್ತು ಹಳ್ಳ ಎರಡು ಮಾರಿಗೆ ಬಂದಿತ್ತು. ಒಂದು ಕಡೆ ರಸ್ತೆಗೆ ಸಣ್ಣ ಪೈಪು ಹಾಕಿದ್ದರು. ಎರಡು ಕಡೆ ಬಳ್ಳಾರಿ ಜಾಲಿ ಬೆಳೆದು ನೀರು ಪಕ್ಕದ ಹೊಲಕ್ಕೆ ನುಗ್ಗುತ್ತಿತ್ತು. ಇನ್ನೊಂದು ಕಡೆ ಹಳ್ಳಕ್ಕೂ ಬಂಡಿದಾರಿಗೂ ಅಡ್ಡವಾಗಿ ಕಲ್ಲುಕಂಬದ ಬೇಲಿ ಹಾಕಿದ್ದರು.

ಮೇಲಿನ ಊರಿನ ಒಬ್ಬ ಹಿರಿಯರು ಕೇಳಿದರು: "ನಿಮ್ಮ ಕೆರೆ ತುಂಬೋಕೆ ನಮ್ಮೋರು ಯಾಕಪ್ಪಾ ನೆಲ ಬಿಡ್ಬೇಕು? ನಮಗೇನೈತೆ ಇದ್ರಾಗೆ?" ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟದ್ದು ನಮ್ಮೂರ ಕುರಿ ಕಾಯೋ ಹುಡುಗ. "ತಾತಾ, ಬ್ಯಾಸಿಗೆಗೆ ನಿಮ್ಮ ಆಡು-ಕುರಿ ನೀರಿಗೆ ಬರೋದು ನಮ್ಮ ಕೆರೆಗೇ ಅಲ್ವಾ?" ಅಂದ. ಅಲ್ಲಿಂದ ಮಾತು ನೆಟ್ಟಗಾಯಿತು. ಮೇಲಿನವರು ಹಳ್ಳ ಬಿಡಬೇಕು, ಕೆಳಗಿನವರು ಬೇಸಿಗೆಯಲ್ಲಿ ಕೆರೆ ಅಂಗಳದ ಮೇವು-ನೀರಿಗೆ, ತೋಪಿನ ನೆರಳಿಗೆ ಅವರ ಮಂದೆಯನ್ನ ತಡೆಯಬಾರದು. ಈ ಮಾತನ್ನ ಮೂರೂ ಪಂಚಾಯ್ತಿ ಗ್ರಾಮಸಭೆಯಲ್ಲಿ ಒಂದೇ ಥರ ಬರೆಸಿದೆವು.

ಏಳರಲ್ಲಿ ಐದು ಸರಿಹೋಗಿವೆ. ರಸ್ತೆ ಪೈಪು ಹಾಗೇ ಇದೆ. ಬೇಲಿ ವಿಷಯ ಕೋರ್ಟಿನಲ್ಲಿದೆ. 2022ರ ದೊಡ್ಡ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆ ತುಂಬಿದವು, ಅದನ್ನ ಹಿಡಿದು ನಮ್ಮ ಕೆಲಸ ಗೆದ್ದಿತು ಅನ್ನಬಾರದು. ಸಾಧಾರಣ ಮಳೆ ವರ್ಷದಲ್ಲಿ ಎಷ್ಟು ಬರುತ್ತದೆ ಅನ್ನೋದೇ ಪರೀಕ್ಷೆ. ಈಗ ಅಂಥ ವರ್ಷದಲ್ಲೂ ಕೆರೆಗೆ ಒಂದಿಷ್ಟು ನೀರು ಬರ್ತಿದೆ. ಏರಿ ಕೆಳಗಿನ ಬಾವಿಗಳಲ್ಲಿ ಬೇಸಿಗೆಗೂ ಬಿಂದಿಗೆ ಮುಳುಗುವಷ್ಟು ಇರ್ತದೆ. ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿಯೋ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ.

ನಕ್ಷೆ ಮಾಡೋದು ಹೇಗೆ?

1. ಹಳ್ಳದ ಉದ್ದಕ್ಕೂ ಬರೋ ಎಲ್ಲಾ ಊರುಗಳ ಗ್ರಾಮ ನಕ್ಷೆಯನ್ನ ಭೂದಾಖಲೆ ಕಚೇರಿಯಿಂದ ತೆಗೆದುಕೊಳ್ಳಿ. ಎಲ್ಲಾ ಒಂದೇ ಅಳತೆಗೆ ಇವೆಯಾ ನೋಡಿ. ಒಂದರ ಪಕ್ಕ ಒಂದು ಇಟ್ಟು ಅಂಟಿಸಿ. ಹಳ್ಳ ಒಂದು ನಕ್ಷೆಯಿಂದ ಇನ್ನೊಂದಕ್ಕೆ ಹೋಗೋದು ಆಗಲೇ ಕಣ್ಣಿಗೆ ಕಾಣೋದು.

2. ಹಳ್ಳ, ಕಾಲುವೆ ನೀಲಿ ಬಣ್ಣಕ್ಕೆ. ಗೋಮಾಳ, ಕಾವಲು, ತೋಪು, ದೇವರಕಾಡು, ಸ್ಮಶಾನ ಹಸಿರಿಗೆ. ಬಂಡಿದಾರಿ, ಕುರಿದಾರಿ ಕೆಂಪಿಗೆ. ಶಾಲೆ ಮಕ್ಕಳ ಬಣ್ಣದ ಪೆನ್ಸಿಲ್ ಸಾಕು.

3. ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ. 'ಅ' ಖರಾಬು ಅಂದರೆ ಬೇಸಾಯಕ್ಕೆ ಬಾರದ ನೆಲ. 'ಬ' ಖರಾಬು ಅಂದರೆ ಹಳ್ಳ, ದಾರಿ, ಕೆರೆ ಇಂಥ ಸಾರ್ವಜನಿಕ ಜಾಗ. ನಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ 'ಬ' ಖರಾಬು ನಮ್ಮ ಸ್ವಂತದ್ದಲ್ಲ. ಮಾರೋಕೆ, ಕೊಳ್ಳೋಕೆ ಬರೋದಿಲ್ಲ.

4. ಆಮೇಲೆ ನಡೆಯಿರಿ. ಕುರಿ ಕಾಯೋರು, ನೀರಗಂಟಿ, ಸೌದೆಗೆ ಹೋಗೋ ಹೆಂಗಸರು ಜೊತೆಗಿರಲಿ. ಅವರಿಗೆ ಗೊತ್ತಿರೋದು ನಕ್ಷೇಲಿ ಇರೋದಿಲ್ಲ. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ಫೋನಿನಲ್ಲಿ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ತೋರಿಸುತ್ತದೆ. ಜಾಲ ಹರಿದ ಕಡೆಯೆಲ್ಲಾ ಗುರುತು ಹಾಕಿ, ಸರ್ವೆ ನಂಬರ್ ಬರೆಯಿರಿ.

5. ಕಡೆಗೆ ಒಂದೊಂದು ಹರಿದ ಜಾಗಕ್ಕೂ ಯಾರು ಏನು ಮಾಡಬೇಕು ಅಂತ ಬರೆದು, ಆ ಪಟ್ಟಿಯನ್ನೇ ಎಲ್ಲಾ ಪಂಚಾಯ್ತಿ ಗ್ರಾಮಸಭೆಯಲ್ಲಿ ಓದಿಸಿ ನಡವಳಿ ಪುಸ್ತಕದಲ್ಲಿ ಬರೆಸಿ.

ಮೊದಲು ಯಾವುದು?

ಎಲ್ಲವನ್ನೂ ಒಟ್ಟಿಗೆ ಉಳಿಸೋಕೆ ಹೊರಟರೆ ಯಾವುದೂ ಆಗೋದಿಲ್ಲ. ಮೊದಲು ಕೊಂಡಿಗಳನ್ನ ನೋಡಿ. ನೂರು ಎಕರೆ ಗೋಮಾಳದ ಮೂಲೇಲಿ ಎರಡು ಎಕರೆ ಹೋದರೆ ತಡೆದುಕೊಳ್ಳಬಹುದು. ಗೋಮಾಳಕ್ಕೂ ಕೆರೆಗೂ ನಡುವಿನ ಹತ್ತು ಗುಂಟೆ ಹಳ್ಳ ಹೋದರೆ ಎರಡೂ ಹೋದವು. ಹತ್ತು ಗುಂಟೆಗೆ ಬೆಲೆ ಕಟ್ಟುವಾಗ ಇದನ್ನ ನೆನಪಿಡಬೇಕು.

ಹಳ್ಳದ ದಡಕ್ಕೆ ಎಷ್ಟು ನೆಲ ಬೇಕು ಅಂತ ಎಲ್ಲಾರೂ ಹೆದರ್ತಾರೆ. ಲೆಕ್ಕ ಹಾಕಿ ನೋಡಿ. ಎರಡೂ ಪಕ್ಕ ಐದೈದು ಮೀಟರ್ ಬಿಟ್ಟರೆ ಒಂದು ಕಿಲೋಮೀಟರಿಗೆ ಎರಡೂವರೆ ಎಕರೆ ಆಗುತ್ತದೆ. ಅದರಲ್ಲಿ ಎಷ್ಟೋ ಭಾಗ ಖರಾಬಿನಲ್ಲೇ ಸಿಗುತ್ತದೆ. ಐದು ಮೀಟರಿಗೊಂದರಂತೆ ಎರಡೂ ದಡಕ್ಕೆ ನಾನೂರು ಗಿಡ ಹಿಡಿಯುತ್ತವೆ. ಹೊಂಗೆ, ಬೇವು, ನಡುವೆ ಲಕ್ಕಿ, ಈಚಲು. ಹೊಂಗೆಗೂ ಲಕ್ಕಿಗೂ ಆಡು ಬಾಯಿ ಹಾಕೋದಿಲ್ಲ, ಕಾವಲು ಬೇಕಿಲ್ಲ. ಲಕ್ಕಿ ಬೇರು ದಡ ಹಿಡಿಯುತ್ತದೆ. ಹೊಂಗೆ ಸೊಪ್ಪು ವರ್ಷವರ್ಷ ಕಡಿದು ಹೊಲಕ್ಕೆ ಹಾಕಬಹುದು.

ಸಂಶಯಗಳು

"ಮರದ ನೆರಳಿಗೆ ಬೆಳೆ ಬರೋಲ್ಲ" ಅಂತಾರೆ. ನಿಜ, ಮರದ ಬುಡದ ಒಂದೆರಡು ಸಾಲು ಸೊರಗುತ್ತವೆ. ಅದಕ್ಕೇ ವರ್ಷಕ್ಕೊಮ್ಮೆ ಸವರಬೇಕು. ದಡ ಕುಸಿದು ಹೋಗೋ ನೆಲಕ್ಕೆ ಹೋಲಿಸಿದರೆ ಎರಡು ಸಾಲು ದೊಡ್ಡದಲ್ಲ.

"ಹಂದಿ ಬಂದು ಸೇರ್ತಾವೆ" ಅಂತಾರೆ. ಹಂದಿ ಅಡಗೋದು ಬಳ್ಳಾರಿ ಜಾಲಿಯ ದಟ್ಟ ಪೊದೆಯಲ್ಲಿ. ಬುಡ ಎತ್ತರಕ್ಕೆ ಸವರಿದ ಹೊಂಗೆ ಸಾಲಿನ ಕೆಳಗೆ ಅಡಗೋಕೆ ಜಾಗ ಇರೋದಿಲ್ಲ. ಜಾಲಿಯನ್ನ ಬುಡಸಮೇತ ಕಿತ್ತು ಅಲ್ಲಿಗೆ ಬೇರೆ ಗಿಡ ಕೂರಿಸಬೇಕು. ಬರೀ ಕಡಿದರೆ ಮತ್ತೆ ಎರಡರಷ್ಟು ಚಿಗುರುತ್ತದೆ.

ಕಾನೂನಿನಲ್ಲಿ ಏನಿದೆ?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಇದೆ. ಪಂಚಾಯ್ತಿ, ಪುರಸಭೆಗಳ ಯೋಜನೆಗಳನ್ನ ಒಟ್ಟುಗೂಡಿಸೋದು ಅದರ ಕೆಲಸ. ನೀರು ಮುಂತಾದ ನೈಸರ್ಗಿಕ ಸಂಪತ್ತಿನ ಹಂಚಿಕೆ, ಪರಿಸರ ರಕ್ಷಣೆ ಇವನ್ನ ಊರು-ಪಟ್ಟಣಗಳ ಸಮಾನ ವಿಷಯ ಅಂತ ನೋಡಬೇಕು ಅಂತ ಅದರಲ್ಲೇ ಬರೆದಿದೆ. ಅಂದರೆ ಗಡಿ ದಾಟಿ ಯೋಜನೆ ಮಾಡಿ ಅಂತ ಸಂವಿಧಾನವೇ ಹೇಳಿದೆ. ನಮ್ಮ ನಕ್ಷೆ, ನಡವಳಿ ಅಲ್ಲಿಗೂ ಹೋಗಬೇಕು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ-ಮರ-ಪ್ರಾಣಿಗಳ ದಾಖಲೆ ಬರೆದಿಡಬೇಕು. ನಿಮ್ಮ ಪಂಚಾಯ್ತಿಯ ದಾಖಲೆ ಪುಸ್ತಕ ತೋರಿಸಿ ಅಂತ ಕೇಳಿ. ಹಳ್ಳ, ಕುರಿದಾರಿ ಅದರಲ್ಲಿ ಇಲ್ಲದಿದ್ದರೆ ಸೇರಿಸಿ. ಇದೇ ಕಾಯ್ದೆಯಡಿ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನ 2007ರಲ್ಲಿ ಪಾರಂಪರಿಕ ತಾಣ ಮಾಡಿದರು. ಚಿಕ್ಕಮಗಳೂರು ಜಿಲ್ಲೆಯ ಹೊಗ್ರೇಕಾನ್ ಗಿರಿಯ ಸುಮಾರು 2,500 ಎಕರೆಗೂ ಅದೇ ರಕ್ಷಣೆ ಸಿಕ್ಕಿತು. ಅದು ಕುದುರೆಮುಖದ ಕಾಡಿಗೂ ಭದ್ರಾ ಕಾಡಿಗೂ ನಡುವೆ ಪ್ರಾಣಿಗಳ ದಾರಿ ಅನ್ನೋದು ಒಂದು ಮುಖ್ಯ ಕಾರಣ. ಕೊಂಡಿ ಅಂತಲೇ ಒಂದು ಜಾಗವನ್ನ ಉಳಿಸಬಹುದು ಅನ್ನೋದಕ್ಕೆ ಇದು ಉದಾಹರಣೆ.

2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವಿಗೆ ಎಲ್ಲಾ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಹೇಳಿತು. ಅರ್ಜಿ ಬರೆಯುವಾಗ ಈ ತೀರ್ಪಿನ ಹೆಸರು ಬರೆಯಿರಿ. ಆದರೂ ಕಾನೂನು ಕಡೆಯ ಮಾತಾಗಿರಲಿ. ಹಳ್ಳಕ್ಕೆ ಒತ್ತಿದವನು ಎಷ್ಟೋ ಸಲ ಎರಡು ಎಕರೆಯ ಬಡವನೇ ಆಗಿರ್ತಾನೆ. ಅವನ ಜೊತೆ ಕೂತು ಮಾತಾಡಿ, ದಡದ ಹೊಂಗೆ ಸೊಪ್ಪು-ಬೀಜ ಅವನಿಗೇ ಅಂತ ಬಿಟ್ಟುಕೊಟ್ಟರೆ ಪೊಲೀಸು-ಕೋರ್ಟು ಬೇಕಾಗೋದಿಲ್ಲ.

ಈಗಲೇ ಯಾಕೆ?

ಬಯಲುಸೀಮೆ ನೆಲಕ್ಕೆ ಈಗ ದೊಡ್ಡ ದೊಡ್ಡ ಗಿರಾಕಿಗಳು ಬರ್ತಿದ್ದಾರೆ. ಪಾವಗಡದಲ್ಲಿ ಐದು ಊರಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಗಿದೆ. ನೆಲ ರೈತರದೇ, ಗುತ್ತಿಗೆಗೆ ಕೊಟ್ಟಿದ್ದಾರೆ, ಬಾಡಿಗೆ ಬರ್ತದೆ. ಬೇಲಿ ಬಿದ್ದ ಮೇಲೆ ಕುರಿಯವರಿಗೆ ಬಯಲು ಕಡಿಮೆ ಆಯಿತು. ನಾಳೆ ನಿಮ್ಮ ಕಡೆಗೂ ಸೋಲಾರೋ, ಗಾಳಿಕಂಬವೋ, ಲೇಔಟೋ ಬಂದಾಗ ಅವರು ಕೇಳೋದು ನಕ್ಷೆ. ಅವರ ನಕ್ಷೆಯಲ್ಲಿ ಗೋಮಾಳ 'ಖಾಲಿ ಜಾಗ' ಅಂತ ಇರ್ತದೆ. ನಿಮ್ಮ ಕೈಯಲ್ಲೂ ಒಂದು ನಕ್ಷೆ ಇದ್ದರೆ "ಇಲ್ಲಿ ಹಳ್ಳ ಇದೆ, ಇಲ್ಲಿ ದಾರಿ ಇದೆ, ಬೇಲಿ ಇಷ್ಟು ಹಿಂದೆ ಸರಿಸಿ" ಅಂತ ಕೇಳಬಹುದು. ಹತ್ತು ಜನರ ಕೋಲು ಒಬ್ಬನ ಹೊರೆ ಅಂತಾರೆ. ಒಂದು ಪಂಚಾಯ್ತಿ ಕೇಳೋದಕ್ಕೂ ಮೂರು ಪಂಚಾಯ್ತಿ ಒಂದೇ ಕಾಗದ ಹಿಡಿದು ಕೇಳೋದಕ್ಕೂ ವ್ಯತ್ಯಾಸ ಇದೆ.

ಹಳ್ಳದ ಗುಂಟ ನಡೆಯೋಕೆ ಬೇಸಿಗೆ ಒಳ್ಳೇ ಸಮಯ. ಹಳ್ಳ ಒಣಗಿರ್ತದೆ, ಪೊದೆ ಎಲೆ ಉದುರಿಸಿರ್ತದೆ, ಎಲ್ಲಿ ಕೆಟ್ಟಿದೆ ಅಂತ ಚೆನ್ನಾಗಿ ಕಾಣುತ್ತದೆ. ಮುಂಗಾರು ಬರೋದರೊಳಗೆ ಗಿಡದ ಗುಂಡಿ ತೆಗೆದಿಡಬಹುದು. ನಿಮ್ಮ ಹಳ್ಳ ಎಲ್ಲಿ ಹುಟ್ಟುತ್ತದೋ ಆ ಊರಿನಲ್ಲಿ ಒಬ್ಬರನ್ನಾದರೂ ಮೊದಲು ಪರಿಚಯ ಮಾಡಿಕೊಳ್ಳಿ. ಅಲ್ಲಿಂದ ಕೆಲಸ ಶುರುವಾಗುತ್ತದೆ.